ಅಂತರ್ಜಾಲದಲ್ಲಿ ಕಾಫಿಪುಡಿ ಮಾರಾಟ: ತೂಕ, ಚಿಕೋರಿ, ಪುಡಿಯ ಆಯ್ಕೆಗೆ ಬೆಲೆ ನಿಗದಿ ಹೇಗೆ?

ಚಿಕ್ಕಮಗಳೂರು: ನಗರದ ಕಾಫಿಪುಡಿ ಅಂಗಡಿಯ ಕಟ್ಟೆಯ ಮುಂದೆ ನಿಂತ ಗ್ರಾಹಕ ಹೇಳುವುದು ಮೂರೇ ಮಾತು. "ಅರ್ಧ ಕೆ.ಜಿ., ಎಂಬತ್ತಕ್ಕೆ ಇಪ್ಪತ್ತು, ಫಿಲ್ಟರ್‌ಗೆ." ಅಂಗಡಿಯವರು ಬೀಜವನ್ನು ತೂಗಿ, ಯಂತ್ರಕ್ಕೆ ಸುರಿದು, ಚಿಕೋರಿ ಬೆರೆಸಿ, ಪೊಟ್ಟಣ ಕಟ್ಟಿ ಹಣ ಹೇಳುವುದಕ್ಕೆ ಐದು ನಿಮಿಷವೂ ಬೇಕಿಲ್ಲ. ತೂಕ, ಚಿಕೋರಿಯ ಪ್ರಮಾಣ, ಪುಡಿಯ ನಯ ಎಂಬ ಮೂರು ಆಯ್ಕೆಗಳನ್ನು ಸೇರಿಸಿ ಒಂದು ಬೆಲೆಯನ್ನು ಅವರು ಮನಸ್ಸಿನಲ್ಲೇ ಕಟ್ಟಿರುತ್ತಾರೆ.

ಇದೇ ವ್ಯವಹಾರ ಅಂತರ್ಜಾಲಕ್ಕೆ ಬಂದಾಗ ಆ ಲೆಕ್ಕವನ್ನು ತಂತ್ರಾಂಶಕ್ಕೆ ಕಲಿಸಬೇಕಾಗುತ್ತದೆ. ಎಡವುವುದು ಅಲ್ಲಿಯೇ. ಮಲೆನಾಡಿನ ಒಂದು ಸಣ್ಣ ಜಾಲ ಮಳಿಗೆಯಲ್ಲಿ ಈ ವರದಿಗಾರ ಕಾಫಿಪುಡಿ ಕೊಳ್ಳಲು ಹೋದಾಗ ಒಂದು ಕೆ.ಜಿ.ಯ ಪೊಟ್ಟಣಕ್ಕಿಂತ ಕಾಲು ಕೆ.ಜಿ.ಯ ನಾಲ್ಕು ಪೊಟ್ಟಣಗಳೇ ಅಗ್ಗವಾಗಿದ್ದವು. ಸಹಜವಾಗಿ ನಾಲ್ಕು ಪೊಟ್ಟಣಗಳನ್ನೇ ಕೊಂಡದ್ದಾಯಿತು. ಮಾರಿದವರಿಗೆ ನಾಲ್ಕು ಚೀಲ, ನಾಲ್ಕು ಲೇಬಲ್‌ಗಳ ಖರ್ಚು. ತಪ್ಪು ಎಲ್ಲಿದೆ ಎಂದು ಹುಡುಕುತ್ತಾ ಹೋದಾಗ ತಿಳಿದ ಸಂಗತಿಗಳು ಈ ಲೇಖನದಲ್ಲಿವೆ. ಮೂಡಿಗೆರೆ, ಕಳಸ, ಚಿಕ್ಕಮಗಳೂರು ಭಾಗದ ಬೆಳೆಗಾರರು ತಾವೇ ಹುರಿದು, ಪುಡಿ ಮಾಡಿ ನಗರದ ಗ್ರಾಹಕರಿಗೆ ನೇರವಾಗಿ ಕಳುಹಿಸುವ ವ್ಯವಹಾರಕ್ಕೆ ಇದು ಅನ್ವಯಿಸುತ್ತದೆ. ಮಸಾಲೆ, ಜೇನು, ಉಪ್ಪಿನಕಾಯಿ ಮಾರುವವರಿಗೂ ಬಹುಪಾಲು ಇದೇ ಲೆಕ್ಕ.

ಬೆಲೆ ಕಟ್ಟುವ ಅಧಿಕಾರ ಬಂದದ್ದು ತಡವಾಗಿ

ಸೂಫಿ ಸಂತ ಬಾಬಾ ಬುಡನ್ ಏಳು ಬೀಜಗಳನ್ನು ಈ ಗಿರಿಗಳಿಗೆ ತಂದರೆಂಬ 17ನೇ ಶತಮಾನದ ಐತಿಹ್ಯ ಎಲ್ಲರಿಗೂ ತಿಳಿದದ್ದು. ಆದರೆ ಇಲ್ಲಿನ ಬೆಳೆಗಾರ ತನ್ನ ಕಾಫಿಗೆ ತಾನೇ ಬೆಲೆ ಹೇಳುವ ಸ್ಥಿತಿಗೆ ಬಂದು ಮೂರು ದಶಕವಷ್ಟೇ ಆಗಿದೆ. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಹಣ ದರ್ಜೆಗೆ ಅನುಗುಣವಾಗಿ ಕಂತುಗಳಲ್ಲಿ ಬರುತ್ತಿತ್ತು. 1990ರ ದಶಕದಲ್ಲಿ ಈ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಮಾರಾಟ ಸಂಪೂರ್ಣ ಮುಕ್ತವಾಯಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರು ಮೂಲದ ಕೆಫೆ ಕಾಫಿ ಡೇ ಮೊದಲ ಮಳಿಗೆಯನ್ನು ತೆರೆದದ್ದು ಕೇವಲ ಕಾಕತಾಳೀಯವಲ್ಲ.

ಅಂತರ್ಜಾಲ ವ್ಯಾಪಾರವೂ ಹೆಚ್ಚುಕಡಿಮೆ ಇದೇ ಕಾಲದ್ದು. ಬೆಂಗಳೂರಿನ ಫ್ಯಾಬ್‌ಮಾರ್ಟ್ ಆರಂಭವಾದದ್ದು 1999ರಲ್ಲಿ. ಶಾಪಿಂಗ್ ಕಾರ್ಟ್ ತಂತ್ರಾಂಶಗಳ ಪೈಕಿ ಉಚಿತವಾಗಿ ದೊರೆತ ಓಎಸ್‌ಕಾಮರ್ಸ್ 2000ದಲ್ಲಿ, ಅದರಿಂದ ಕವಲೊಡೆದ ಝೆನ್ ಕಾರ್ಟ್ 2003ರಲ್ಲಿ, ಶಾಪಿಫೈ 2006ರಲ್ಲಿ, ಮಜೆಂಟೊ 2008ರಲ್ಲಿ, ವೂಕಾಮರ್ಸ್ 2011ರಲ್ಲಿ ಬಂದವು. ದೆಹಲಿಯಲ್ಲಿ 2013ರಲ್ಲಿ ಆರಂಭವಾದ ಬ್ಲೂ ಟೊಕೈ ಸಂಸ್ಥೆಯಂಥವರು ತೋಟದ ಹೆಸರಿನೊಂದಿಗೆ, ಪುಡಿಯ ನಯವನ್ನು ಗ್ರಾಹಕರೇ ಆರಿಸಿಕೊಳ್ಳುವಂತೆ ಕಾಫಿ ಮಾರತೊಡಗಿದ ಮೇಲೆ ಇಲ್ಲಿನ ತೋಟದವರಿಗೂ ಆ ದಾರಿ ಕಂಡಿತು. 2019ರಲ್ಲಿ 'ಚಿಕ್ಕಮಗಳೂರು ಅರೇಬಿಕಾ' ಮತ್ತು 'ಬಾಬಾಬುಡನ್‌ಗಿರಿ ಅರೇಬಿಕಾ'ಗಳಿಗೆ ಭೌಗೋಳಿಕ ಸೂಚ್ಯಂಕ ದೊರೆತದ್ದು ಹೆಸರಿಗೆ ಇನ್ನಷ್ಟು ತೂಕ ಕೊಟ್ಟಿತು.

ಎರಡು ಬಗೆಯ ತಂತ್ರಾಂಶ

ಆಯ್ಕೆಗೆ ಬೆಲೆ ಹಚ್ಚುವುದರಲ್ಲಿ ಈ ತಂತ್ರಾಂಶಗಳು ಎರಡು ಜಾತಿಗೆ ಸೇರುತ್ತವೆ.

ಮೊದಲನೆಯದು ಕೂಡು-ಕಳೆ ಪದ್ಧತಿ. ಓಎಸ್‌ಕಾಮರ್ಸ್, ಝೆನ್ ಕಾರ್ಟ್, ಓಪನ್‌ಕಾರ್ಟ್‌ಗಳಲ್ಲಿ ಮೂಲತಃ ಇರುವುದು ಇದು. ಉತ್ಪನ್ನಕ್ಕೆ ಒಂದು ಮೂಲ ಬೆಲೆ. ಪ್ರತಿ ಆಯ್ಕೆಯ ಮುಂದೆ ಕೂಡಿಸುವ ಅಥವಾ ಕಳೆಯುವ ಚಿಹ್ನೆ, ಅದರ ಪಕ್ಕ ಒಂದು ಮೊತ್ತ. ಗ್ರಾಹಕ ಆರಿಸಿದ ಎಲ್ಲ ಆಯ್ಕೆಗಳ ಮೊತ್ತವನ್ನು ಮೂಲ ಬೆಲೆಗೆ ಕೂಡಿ, ಕಳೆದು ಅಂತಿಮ ಬೆಲೆ ಬರುತ್ತದೆ. ಅಂಗಿಯ ಮೇಲೆ ಹೆಸರು ಬರೆಸಲು 50 ರೂಪಾಯಿ ಹೆಚ್ಚು, ಉಡುಗೊರೆ ಪೆಟ್ಟಿಗೆಗೆ 40 ರೂಪಾಯಿ ಹೆಚ್ಚು ಎಂಬಂಥ ಕಡೆ ಇದು ಬಹಳ ಅನುಕೂಲ.

ಎರಡನೆಯದು ಜೋಡಣೆಯ ಪದ್ಧತಿ. ವೂಕಾಮರ್ಸ್‌ನಲ್ಲಿ ಇದನ್ನು ವೇರಿಯೇಷನ್ ಎಂದೂ ಶಾಪಿಫೈನಲ್ಲಿ ವೇರಿಯಂಟ್ ಎಂದೂ ಕರೆಯುತ್ತಾರೆ. 'ಅರ್ಧ ಕೆ.ಜಿ., 80:20' ಎಂಬ ಜೋಡಿಯೇ ಇಲ್ಲಿ ಒಂದು ಸ್ವತಂತ್ರ ಸರಕು. ಅದಕ್ಕೆ ತನ್ನದೇ ಬೆಲೆ, ತೂಕ, ಸಂಕೇತ ಸಂಖ್ಯೆ, ದಾಸ್ತಾನು ಇರುತ್ತವೆ. ತುಂಬುವ ಕೆಲಸ ಹೆಚ್ಚು. ಆದರೆ ಪ್ರತಿ ಜೋಡಿಯ ಬೆಲೆಯನ್ನೂ ಮಾಲೀಕರೇ ನೇರವಾಗಿ ಬರೆಯುತ್ತಾರೆ.

ಕಾಫಿಪುಡಿಗೆ ಎರಡನೆಯದೇ ತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ಅಂಕಿಗಳಲ್ಲೇ ನೋಡುವುದು ಉತ್ತಮ.

ಒಂದು ಲೆಕ್ಕ

ಕೆಳಗಿನ ದರಗಳು ಲೆಕ್ಕದ ಸುಲಭಕ್ಕಾಗಿ ಹಿಡಿದವು, ಇಂದಿನ ಮಾರುಕಟ್ಟೆ ದರಗಳಲ್ಲ. ಸ್ವಚ್ಛಗೊಳಿಸಿದ ಹಸಿ ಅರೇಬಿಕಾ ಬೀಜ ಕೆ.ಜಿ.ಗೆ 630 ರೂಪಾಯಿ ಎಂದಿಟ್ಟುಕೊಳ್ಳಿ. ಹುರಿದಾಗ ತೇವಾಂಶ ಆರಿ ತೂಕ ಇಳಿಯುತ್ತದೆ. ಹುರಿಯುವ ಹದಕ್ಕೆ ತಕ್ಕಂತೆ ಸುಮಾರು ಶೇ 14ರಿಂದ 20ರವರೆಗೆ. ಹದ ಕಪ್ಪಾದಷ್ಟೂ ನಷ್ಟ ಹೆಚ್ಚು. ಶೇ 16 ಎಂದು ಹಿಡಿದರೆ ಒಂದು ಕೆ.ಜಿ. ಹಸಿ ಬೀಜದಿಂದ ಸಿಗುವುದು 840 ಗ್ರಾಂ. ಅಂದರೆ ಹುರಿದ ಕೆ.ಜಿ.ಗೆ ಬೀಜದ ಖರ್ಚು 750 ರೂಪಾಯಿ. ಹುರಿಯುವ ಮತ್ತು ಪುಡಿ ಮಾಡುವ ಕೂಲಿ 50 ಸೇರಿದರೆ 800. ಹೊಸಬರು ಹಲವರು ಈ ಮೊದಲ ಮೆಟ್ಟಿಲಲ್ಲೇ ಜಾರಿ, 630ಕ್ಕೆ 50 ಕೂಡಿಸಿ 680 ಎಂದು ಬರೆದುಕೊಳ್ಳುತ್ತಾರೆ. ಕೆ.ಜಿ.ಗೆ 120 ರೂಪಾಯಿ ಅಲ್ಲಿಗೆ ಹೋಯಿತು.

ಚಿಕೋರಿ ಪುಡಿ ಕೆ.ಜಿ.ಗೆ 200 ರೂಪಾಯಿ. ಆಗ 80:20 ಮಿಶ್ರಣದ ಖರ್ಚು ಕೆ.ಜಿ.ಗೆ 680, 70:30 ಆದರೆ 620, 60:40 ಆದರೆ 560. ಇನ್ನು ಪೊಟ್ಟಣ ಮತ್ತು ಲೇಬಲ್: ಕಾಲು ಕೆ.ಜಿ.ಗೆ 18, ಒಂದು ಕೆ.ಜಿ.ಗೆ 30 ರೂಪಾಯಿ ಇರಲಿ. ಹೀಗಾಗಿ ಅಪ್ಪಟ ಕಾಫಿಯ ಕಾಲು ಕೆ.ಜಿ. ಪೊಟ್ಟಣದ ಅಸಲು 218, ಒಂದು ಕೆ.ಜಿ.ಯದು 830.

ಕೂಡು-ಕಳೆ ಪದ್ಧತಿಯಲ್ಲಿ ಅಪ್ಪಟ ಕಾಲು ಕೆ.ಜಿ.ಯನ್ನು ಮೂಲವಾಗಿ ಇಟ್ಟವರು ಹೀಗೆ ತುಂಬುತ್ತಾರೆ: ಒಂದು ಕೆ.ಜಿ. ಆರಿಸಿದರೆ 612 ಕೂಡಿಸು, 80:20 ಆರಿಸಿದರೆ 30 ಕಳೆ. ಎರಡೂ ಬಿಡಿಬಿಡಿಯಾಗಿ ಸರಿಯಾಗಿವೆ. ಆದರೆ ಗ್ರಾಹಕ ಎರಡನ್ನೂ ಒಟ್ಟಿಗೆ ಆರಿಸಿದರೆ ಬರುವುದು 800. ನಿಜವಾದ ಅಸಲು 680ಕ್ಕೆ 30 ಸೇರಿ 710. ಅತ್ತ ಕಾಲು ಕೆ.ಜಿ. 80:20ರ ನಾಲ್ಕು ಪೊಟ್ಟಣಗಳಿಗೆ 188ರಂತೆ 752. ಈ ವರದಿಗಾರ ನಾಲ್ಕು ಪೊಟ್ಟಣ ಕೊಂಡದ್ದು ಇಂಥ ಲೆಕ್ಕದಿಂದಲೇ ಇರಬೇಕು.

ಇದರಲ್ಲಿ ಮಾರುವವರಿಗೆ ನಷ್ಟವಿಲ್ಲವಲ್ಲ ಎನ್ನಬಹುದು. ಹಾಗಾದರೆ ಒಂದು ಕೆ.ಜಿ.ಯನ್ನು ಮೂಲವಾಗಿಟ್ಟು ನೋಡೋಣ. ಮೂಲ 830. ಕಾಲು ಕೆ.ಜಿ.ಗೆ 612 ಕಳೆ. 80:20ಕ್ಕೆ 120 ಕಳೆ. ಈಗ ಕಾಲು ಕೆ.ಜಿ. 80:20 ಪೊಟ್ಟಣದ ಬೆಲೆ 98 ರೂಪಾಯಿ! ಅದರ ಅಸಲು 188. ಪ್ರತಿ ಪೊಟ್ಟಣಕ್ಕೆ 90 ರೂಪಾಯಿ ಕೈಯಿಂದ ಕೊಟ್ಟು ಕಳುಹಿಸಿದಂತೆ. 60:40 ಆರಿಸಿದವರಿಗೆ 240 ಕಳೆಯಬೇಕು. ಆಗ ಬೆಲೆ ಸೊನ್ನೆಗಿಂತ 22 ರೂಪಾಯಿ ಕೆಳಗೆ ಹೋಗುತ್ತದೆ. ಕಾಗದದ ಮೇಲೆ ಇದು ತಮಾಷೆ. ಮಧ್ಯರಾತ್ರಿ ಯಾರೋ ಹತ್ತು ಪೊಟ್ಟಣಕ್ಕೆ ಬೇಡಿಕೆ ಸಲ್ಲಿಸಿ ಹಣ ಪಾವತಿಸಿಯೂ ಆಗಿದ್ದರೆ ತಮಾಷೆಯಲ್ಲ.

ಚಿಕೋರಿಯ ರಿಯಾಯಿತಿ ತೂಕದೊಂದಿಗೆ ಗುಣಿಸಿಕೊಳ್ಳುವಂಥದ್ದು. ತಂತ್ರಾಂಶ ಅದನ್ನು ಬರೀ ಕೂಡುತ್ತದೆ. ತಪ್ಪೆಲ್ಲ ಇರುವುದು ಇಲ್ಲಿ.

ಬೆಳೆಗಾರರಿಗೆ ಇದು ಹೊಸ ವಿಷಯವೇನಲ್ಲ. ಮೂಡಿಗೆರೆ ಕಡೆ ರೊಬಸ್ಟಾ ಚೆರಿ ಮಾರುವಾಗ 50 ಕೆ.ಜಿ. ಚೀಲಕ್ಕೆ ಬೆಲೆ ನಿಗದಿಯಾಗುವುದು ಓಟಿ, ಅಂದರೆ ಔಟ್‌ಟರ್ನ್ ಮೇಲೆ. ಒಂದು ಚೀಲ ಚೆರಿಯಿಂದ ಎಷ್ಟು ಕೆ.ಜಿ. ಸ್ವಚ್ಛ ಬೀಜ ಬರುತ್ತದೆಯೋ ಅದೇ ಓಟಿ. ವ್ಯಾಪಾರಿ ಹೇಳುವ ಓಟಿ ದರವನ್ನು 28ರಿಂದಲೋ 26ರಿಂದಲೋ ಗುಣಿಸಿ ಚೀಲದ ಬೆಲೆ ಕಟ್ಟುತ್ತಾರೆ. ಓಟಿ ಎರಡು ಕಡಿಮೆ ಬಂದರೆ ಚೀಲಕ್ಕೆ ಇಷ್ಟೇ ಎಂದು ಖಾಯಂ ಮೊತ್ತ ಕಳೆಯುವವರು ಯಾರೂ ಇಲ್ಲ. ಆ ದಿನದ ದರ ಎಷ್ಟಿದೆಯೋ ಅದರ ಎರಡು ಪಟ್ಟು ಹೋಗುತ್ತದೆ. ಕಣದಲ್ಲಿ ಇಷ್ಟು ಸರಿಯಾಗಿ ಲೆಕ್ಕ ಹಾಕುವವರು ಗಣಕದ ಮುಂದೆ ಕುಳಿತಾಗ ಕೂಡು-ಕಳೆಗೆ ಒಪ್ಪಿಕೊಳ್ಳುವುದೇಕೋ ತಿಳಿಯದು.

ರೂಪಾಯಿಯ ಬದಲು ಶೇಕಡಾವಾರು ಕಳೆಯುವ ಸೌಲಭ್ಯ ಕೆಲವು ಕಾರ್ಟ್‌ಗಳಲ್ಲಿದೆ. ಇನ್ನು ಕೆಲವಕ್ಕೆ ಪೂರಕ ತಂತ್ರಾಂಶ ಸೇರಿಸಿ ಪಡೆಯಬಹುದು. ಅದು ಉತ್ತಮವಾದರೂ ನಿಖರವಲ್ಲ. 80:20ಕ್ಕೆ ಶೇ 15 ಕಳೆದರೆ ಒಂದು ಕೆ.ಜಿ.ಗೆ 705 ರೂಪಾಯಿ 50 ಪೈಸೆ, ಕಾಲು ಕೆ.ಜಿ.ಗೆ 185 ರೂಪಾಯಿ 30 ಪೈಸೆ ಬರುತ್ತದೆ. ಅಸಲಿಗಿಂತ ಮೂರ್ನಾಲ್ಕು ರೂಪಾಯಿ ಕಡಿಮೆ. ಪೊಟ್ಟಣದ ಬೆಲೆಯಲ್ಲೂ ಶೇ 15 ಕಳೆದುಹೋದದ್ದೇ ಕಾರಣ.

ಎಲ್ಲ ಆಯ್ಕೆಗೂ ಬೆಲೆ ಬೇಡ

ಜೋಡಣೆಯ ಪದ್ಧತಿಗೆ ಹೋದವರನ್ನು ಕಾಡುವುದು ಸಂಖ್ಯೆ. ಮೂರು ತೂಕ, ನಾಲ್ಕು ಮಿಶ್ರಣ, ನಾಲ್ಕು ಬಗೆಯ ಪುಡಿ ಎಂದರೆ 48 ಜೋಡಿಗಳು. ಹುರಿಯುವ ಹದ ಮೂರು ಬಗೆ ಎಂದರೆ 144. ಶಾಪಿಫೈನಲ್ಲಿ ಒಂದು ಉತ್ಪನ್ನಕ್ಕೆ ಮೂರು ಆಯ್ಕೆಗಳ ಮಿತಿಯಿದೆ. ವೇರಿಯಂಟ್‌ಗಳ ಮಿತಿ ಬಹುಕಾಲ 100 ಆಗಿದ್ದು 2025ರಲ್ಲಿ 2,048ಕ್ಕೆ ಏರಿತು. ಮಿತಿ ಏರಿದೆಯೆಂದು ಎರಡು ಸಾವಿರ ಬೆಲೆ ತುಂಬುವ ಅಗತ್ಯ ಯಾರಿಗೂ ಇಲ್ಲ.

ಪ್ರತಿ ಆಯ್ಕೆಯ ಬಗ್ಗೆಯೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದರಿಂದ ಖರ್ಚು ಬದಲಾಗುತ್ತದೆಯೇ? ದಕ್ಷಿಣದ ಫಿಲ್ಟರ್‌ಗೆ ಪುಡಿ ಮಾಡಿದರೂ ಫ್ರೆಂಚ್ ಪ್ರೆಸ್‌ಗೆ ತರಿಯಾಗಿ ಪುಡಿ ಮಾಡಿದರೂ ಕೂಲಿ ಒಂದೇ. ಆದ್ದರಿಂದ ಪುಡಿಯ ನಯವನ್ನು ಗ್ರಾಹಕರಿಂದ ಕೇಳಿ ತಿಳಿಯಬೇಕೇ ಹೊರತು ಅದಕ್ಕೆ ಬೆಲೆ ಹಚ್ಚಬೇಕಿಲ್ಲ. ವೂಕಾಮರ್ಸ್‌ನಲ್ಲಿ ತೂಕ ಮತ್ತು ಮಿಶ್ರಣಗಳ 12 ವೇರಿಯೇಷನ್‌ಗಳನ್ನಷ್ಟೇ ಮಾಡಿ, ಪುಡಿಯ ಜಾಗದಲ್ಲಿ 'ಯಾವುದಾದರೂ' ಎಂದು ಬಿಟ್ಟರೆ ಸಾಕು. ಗ್ರಾಹಕರು ಆರಿಸಿದ ನಯ ಬೇಡಿಕೆಯ ಪಟ್ಟಿಯಲ್ಲಿ ದಾಖಲಾಗುತ್ತದೆ, ಬೆಲೆ ಮಾತ್ರ 12 ಸಾಲುಗಳಿಂದ ಬರುತ್ತದೆ.

ಇದರಲ್ಲೊಂದು ಅಪಾಯವಿದೆ. ಪುಡಿಯ ಪಟ್ಟಿಯಲ್ಲಿ 'ಇಡೀ ಬೀಜ' ಎಂಬುದನ್ನೂ ಸೇರಿಸಿದ್ದರೆ, 60:40 ಚಿಕೋರಿ ಮಿಶ್ರಣದ ಇಡೀ ಬೀಜಕ್ಕೆ ಯಾರಾದರೂ ಬೇಡಿಕೆ ಸಲ್ಲಿಸಬಹುದು. ಅದನ್ನು ಕಳುಹಿಸುವುದು ಹೇಗೆ? ಬೀಜ ಮತ್ತು ಪುಡಿಯನ್ನು ಎರಡು ಪ್ರತ್ಯೇಕ ಉತ್ಪನ್ನಗಳಾಗಿ ಇಡುವುದೇ ಸುಲಭದ ದಾರಿ. ಪ್ಲಾಂಟೇಷನ್ ಎ, ಪೀಬೆರಿ, ರೊಬಸ್ಟಾ ಚೆರಿ ಮೊದಲಾದ ದರ್ಜೆಗಳನ್ನೂ ಆಯ್ಕೆಯಾಗಿ ತುರುಕದೆ ಬೇರೆ ಬೇರೆ ಉತ್ಪನ್ನಗಳಾಗಿ ಇಡುವುದು ಲೇಸು. ಅವುಗಳ ಹಸಿ ಬೀಜದ ದರ ಬೇರೆ, ಏರಿಳಿತವೂ ಬೇರೆ.

ಹುರಿಯುವ ಹದದ ವಿಷಯದಲ್ಲಿ ಎರಡು ಅಭಿಪ್ರಾಯಗಳುಂಟು. ಶೇ 14 ನಷ್ಟವಾಗುವ ಹದಕ್ಕೂ ಶೇ 18 ನಷ್ಟವಾಗುವ ಹದಕ್ಕೂ ಮೇಲಿನ ದರದಲ್ಲಿ ಕೆ.ಜಿ.ಗೆ 36 ರೂಪಾಯಿಯಷ್ಟು ವ್ಯತ್ಯಾಸ ಬರುತ್ತದೆ. ಕಾಲು ಕೆ.ಜಿ.ಗೆ 9 ರೂಪಾಯಿ. ಅದಕ್ಕಾಗಿ ಬೆಲೆಪಟ್ಟಿಯನ್ನು ಮೂರು ಪಟ್ಟು ಬೆಳೆಸುವುದಕ್ಕಿಂತ ಸರಾಸರಿ ನಷ್ಟವನ್ನು ಹಿಡಿಯುವುದು ಒಳ್ಳೆಯದು.

ತುಂಬುವಾಗ ಮರೆಯುವ ಇನ್ನೊಂದು ಅಂಶ ತೂಕದ ಕೋಷ್ಠಕ. ವೂಕಾಮರ್ಸ್‌ನಲ್ಲಿ ವೇರಿಯೇಷನ್‌ನ ತೂಕವನ್ನು ಖಾಲಿ ಬಿಟ್ಟರೆ ಮೂಲ ಉತ್ಪನ್ನದ ತೂಕವೇ ಅನ್ವಯವಾಗುತ್ತದೆ. ಓಪನ್‌ಕಾರ್ಟ್‌ನಲ್ಲಿ ಪ್ರತಿ ಆಯ್ಕೆಗೂ ಬೆಲೆಯಂತೆಯೇ ತೂಕವನ್ನೂ ಕೂಡಿಸುವ, ಕಳೆಯುವ ಕೋಷ್ಠಕವಿದೆ. ಬೆಲೆಯನ್ನಷ್ಟೇ ತುಂಬಿ ಇದನ್ನು ಬಿಟ್ಟವರ ಮಳಿಗೆಯಲ್ಲಿ ಒಂದು ಕೆ.ಜಿ. ಕೊಂಡವರಿಗೂ ಕಾಲು ಕೆ.ಜಿ.ಯ ಸಾಗಣೆ ವೆಚ್ಚವೇ ತೋರುತ್ತದೆ. ಬೆಲೆಯ ಕೋಷ್ಠಕವನ್ನೇ ಖಾಲಿ ಬಿಟ್ಟರೆ ಪರಿಣಾಮ ಇನ್ನೊಂದು ಬಗೆ: ವೂಕಾಮರ್ಸ್ ಆ ಜೋಡಿಯನ್ನು ಮಾರಾಟಕ್ಕೇ ಇಡುವುದಿಲ್ಲ. ಗ್ರಾಹಕರಿಗೆ ಸರಕು ಮುಗಿದಿದೆ ಎನಿಸುತ್ತದೆ, ಮಾಲೀಕರಿಗೆ ಬೇಡಿಕೆ ಏಕೆ ಬರುತ್ತಿಲ್ಲ ಎಂದು ಚಿಂತೆ.

ಕೊರಿಯರ್ ತಕ್ಕಡಿ

ಕಳಸದಿಂದ ಹೊರಡುವ ಪೊಟ್ಟಣ ಘಟ್ಟ ಇಳಿದೋ ಚಿಕ್ಕಮಗಳೂರು ಹಾದೋ ಬೆಂಗಳೂರು ಸೇರಬೇಕು. ಮಳೆಗಾಲದಲ್ಲಿ ಅದಕ್ಕೆ ಹಿಡಿಯುವ ದಿನಗಳ ಲೆಕ್ಕ ಬೇರೆಯೇ. ಬೆಲೆಯ ಮಟ್ಟಿಗೆ ಹೇಳುವುದಾದರೆ, ಕೊರಿಯರ್ ಸಂಸ್ಥೆಗಳು ಸಾಮಾನ್ಯವಾಗಿ ಅರ್ಧ ಕೆ.ಜಿ.ಯ ಮೆಟ್ಟಿಲುಗಳಲ್ಲಿ ದರ ವಿಧಿಸುತ್ತವೆ. 500 ಗ್ರಾಂ ಪುಡಿಗೆ ಚೀಲ, ರಟ್ಟಿನ ಪೆಟ್ಟಿಗೆ, ಟೇಪು ಸೇರಿದರೆ 550 ಗ್ರಾಂ ದಾಟುತ್ತದೆ, ಒಂದು ಕೆ.ಜಿ.ಯ ದರ ಬೀಳುತ್ತದೆ. ಪೆಟ್ಟಿಗೆ ದೊಡ್ಡದಾದರೆ ಉದ್ದ, ಅಗಲ, ಎತ್ತರಗಳ ಸೆಂಟಿಮೀಟರ್ ಗುಣಲಬ್ಧವನ್ನು 5,000ದಿಂದ ಭಾಗಿಸಿ ಬರುವ ಗಾತ್ರದ ತೂಕವನ್ನು ಹಿಡಿಯುವ ರೂಢಿಯೂ ಇದೆ. ಹುರಿದ ಇಡೀ ಬೀಜ ಹಗುರ, ಆದರೆ ಜಾಗ ಹೆಚ್ಚು ಹಿಡಿಯುವಂಥದ್ದು.

ಹಿಂದೆ ಕಾಫಿಯನ್ನು ನಿಗದಿತ ತೂಕಗಳಲ್ಲಷ್ಟೇ ಪೊಟ್ಟಣ ಕಟ್ಟಬೇಕೆಂಬ ನಿಯಮವಿತ್ತು. ಪೊಟ್ಟಣ ಸರಕುಗಳ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿ ಆ ಪಟ್ಟಿಯನ್ನು ಕೈಬಿಟ್ಟಿತು. 500ರ ಬದಲು 400 ಅಥವಾ 450 ಗ್ರಾಂ ಪೊಟ್ಟಣ ಮಾಡಿ ಸಾಗಣೆಯ ಮೊದಲ ಮೆಟ್ಟಿಲಲ್ಲೇ ಉಳಿಯುವುದು ಈಗ ಸಾಧ್ಯ. ಗ್ರಾಹಕರ ಕಣ್ಣಿಗೆ ಇದು ಚಾಲಾಕಿಯಾಗಿ ಕಾಣಬಾರದೆಂದರೆ ತೂಕವನ್ನು ಬೆಲೆಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ ತೋರಿಸಬೇಕು.

ಕಾನೂನು ಏನು ಕೇಳುತ್ತದೆ?

ಚಿಕೋರಿ ಮಿಶ್ರಣದಲ್ಲಿ ಕಾಫಿಯ ಅಂಶ ಶೇ 51ಕ್ಕಿಂತ ಕಡಿಮೆಯಿರುವಂತಿಲ್ಲ. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ನಮೂದಿಸಲೇಬೇಕು. ಆದ್ದರಿಂದ ಆಯ್ಕೆಯ ಪಟ್ಟಿಯಲ್ಲಿ 'ಹೋಟೆಲ್ ಮಿಶ್ರಣ', 'ಮನೆ ಮಿಶ್ರಣ' ಎಂಬ ಹೆಸರಿದ್ದರೂ ಪಕ್ಕದಲ್ಲಿ ಪ್ರಮಾಣ ಇರಲಿ. 50:50 ಎಂಬ ಆಯ್ಕೆ ಕಂಡುಬಂದರೆ ಅದು ನಿಯಮಬಾಹಿರ.

ಗರಿಷ್ಠ ಮಾರಾಟ ಬೆಲೆ ಎಲ್ಲ ತೆರಿಗೆಗಳನ್ನೂ ಒಳಗೊಂಡಿರಬೇಕು. ಹುರಿದ ಕಾಫಿಗೆ ಜಿಎಸ್‌ಟಿ ಶೇ 5. ಹುರಿಯದ ಬೀಜಕ್ಕೆ ತೆರಿಗೆಯಿಲ್ಲ. ಇನ್‌ಸ್ಟಂಟ್ ಕಾಫಿಗೆ ಶೇ 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ಕಾರ್ಟ್‌ನ ವ್ಯವಸ್ಥೆಯಲ್ಲಿ 'ತೆರಿಗೆ ಸೇರಿದ ಬೆಲೆ ನಮೂದಿಸುತ್ತೇನೆ' ಎಂಬುದನ್ನು ಆರಿಸಿಕೊಂಡರೆ ಪರದೆಯ ಬೆಲೆಯೂ ಲೇಬಲ್‌ನ ಬೆಲೆಯೂ ಒಂದೇ ಆಗಿರುತ್ತವೆ. ಮೇಲಿನ ಉದಾಹರಣೆಯ ಕಾಲು ಕೆ.ಜಿ. 80:20ಕ್ಕೆ ಅಸಲಿನ ಮೇಲೆ ಶೇ 25 ಇಟ್ಟರೆ 235, ತೆರಿಗೆ ಸೇರಿ ಸುಮಾರು 247 ರೂಪಾಯಿ. ಒಂದು ಕೆ.ಜಿ.ಗೆ ಇದೇ ಲೆಕ್ಕದಲ್ಲಿ 932. ಕಾರ್ಡ್ ಪಾವತಿಗೆ ಗೇಟ್‌ವೇಯವರು ಹಿಡಿದುಕೊಳ್ಳುವ ಶೇ 2ರ ಆಸುಪಾಸಿನ ಶುಲ್ಕ, ಒಡೆದ ಪೊಟ್ಟಣ, ಹಿಂದಿರುಗಿದ ಪಾರ್ಸೆಲ್ ಎಲ್ಲವೂ ಆ ಶೇ 25ರೊಳಗೇ ಬರಬೇಕು. ಪುಡಿಯನ್ನು ಹೊರರಾಜ್ಯಕ್ಕೆ ಕಳುಹಿಸುವವರಿಗೆ ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಬೇಕು.

ಬಿಡಿ ಅಳತೆಯ ಬೆಲೆಯೂ ಈಗ ಕಡ್ಡಾಯ. ಒಂದು ಕೆ.ಜಿ.ಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂಗೆ ಎಷ್ಟು, ಹೆಚ್ಚಿನದಕ್ಕೆ ಕೆ.ಜಿ.ಗೆ ಎಷ್ಟು ಎಂದು ತೋರಿಸಬೇಕು. 247 ರೂಪಾಯಿಯ ಕಾಲು ಕೆ.ಜಿ. ಪೊಟ್ಟಣ ಗ್ರಾಂಗೆ 99 ಪೈಸೆ. 932ರ ಒಂದು ಕೆ.ಜಿ. ಪೊಟ್ಟಣ ಗ್ರಾಂಗೆ 93 ಪೈಸೆ. ದೊಡ್ಡ ಪೊಟ್ಟಣದ ಗ್ರಾಂ ಬೆಲೆ ಸಣ್ಣದಕ್ಕಿಂತ ಹೆಚ್ಚಾಗಿದ್ದರೆ ಆಯ್ಕೆಯ ಲೆಕ್ಕದಲ್ಲಿ ಎಲ್ಲೋ ದೋಷವಿದೆ ಎಂದರ್ಥ. ಕೊಳ್ಳುವವರಿಗೂ ಮಾರುವವರಿಗೂ ಇದೊಂದು ಸುಲಭದ ಪರೀಕ್ಷೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ, ಅದರ ವಿವರಗಳೊಂದಿಗೆ ತೋರಿಸಬೇಕು. 2023ರ ನವೆಂಬರ್ 30ರಂದು ಹೊರಬಿದ್ದ 'ಡಾರ್ಕ್ ಪ್ಯಾಟರ್ನ್' ಮಾರ್ಗಸೂಚಿಗಳು ಮೊದಲು ಕಡಿಮೆ ಬೆಲೆ ತೋರಿಸಿ ಪಾವತಿಯ ಹೊತ್ತಿಗೆ ಹನಿಹನಿಯಾಗಿ ಶುಲ್ಕ ಸೇರಿಸುವುದನ್ನೂ ಗ್ರಾಹಕರು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದನ್ನೂ ನಿಷೇಧಿಸಿವೆ. 40 ರೂಪಾಯಿಯ ಉಡುಗೊರೆ ಪೆಟ್ಟಿಗೆಯ ಚೌಕದಲ್ಲಿ ಮೊದಲೇ ಗುರುತು ಹಾಕಿ ಇಟ್ಟಿರುವ ಮಳಿಗೆಗಳು ಈ ಎರಡನೆಯ ಸಾಲಿಗೆ ಸೇರುತ್ತವೆ.

ದರ ಏರಿದ ದಿನ

ಆಯ್ಕೆಯ ಬೆಲೆಗಳು ನಿಜವಾಗಿ ಪರೀಕ್ಷೆಗೊಳಗಾದದ್ದು ಕಾಫಿ ದರ ಏರಿದಾಗ. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ 2024ರ ಡಿಸೆಂಬರ್‌ನಲ್ಲಿ 1977ರ ದಾಖಲೆಯನ್ನು ಮುರಿದು, 2025ರ ಫೆಬ್ರುವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ತೋಟದವರಿಗೆ ಹರ್ಷ, ಕೊಂಡು ಹುರಿದು ಮಾರುವವರಿಗೆ ಬೆಲೆಪಟ್ಟಿಯನ್ನು ಮತ್ತೆ ಮತ್ತೆ ತಿದ್ದುವ ಕೆಲಸ. ಸ್ವಂತ ತೋಟದವರೂ ಈ ಲೆಕ್ಕದಿಂದ ಹೊರಗಿಲ್ಲ. ಚೀಲವನ್ನು ವ್ಯಾಪಾರಿಗೆ ಕೊಟ್ಟಿದ್ದರೆ ಬರುತ್ತಿದ್ದ ಹಣವೇ ಅವರ ಬೀಜದ ಅಸಲು. ಹಳೆಯ ಬೆಲೆಯಲ್ಲೇ ಪುಡಿ ಮಾರುತ್ತಾ ಹೋದರೆ ಹುರಿದ ಶ್ರಮವೂ ಸೇರಿ ನಷ್ಟ.

ಆಗ ಹಲವರು ಮಾಡುವುದು ಎಲ್ಲ ಆಯ್ಕೆಗಳಿಗೂ ಶೇ 10 ಏರಿಸಿಬಿಡುವುದು. ನಮ್ಮ ಉದಾಹರಣೆಯಲ್ಲಿ ಹಸಿ ಬೀಜ 630ರಿಂದ ಶೇ 10 ಏರಿ 693 ಆದರೆ ಅಪ್ಪಟ ಪುಡಿಯ ಖರ್ಚು 800ರಿಂದ 875ಕ್ಕೆ ಏರುತ್ತದೆ, ಅಂದರೆ ಶೇ 9.4. 80:20ರಲ್ಲಿ ಏರಿಕೆ ಶೇ 8.8. 60:40ರ ಕಾಲು ಕೆ.ಜಿ. ಪೊಟ್ಟಣದಲ್ಲಿ ಶೇ 7.1 ಮಾತ್ರ, ಏಕೆಂದರೆ ಚಿಕೋರಿಯ ದರವಾಗಲಿ ಪೊಟ್ಟಣದ ದರವಾಗಲಿ ಏರಿಲ್ಲ. ಎಲ್ಲಕ್ಕೂ ಒಂದೇ ಶೇಕಡಾ ಹಾಕಿದರೆ ಅಗ್ಗದ ಮಿಶ್ರಣ ಕೊಳ್ಳುವವರ ಮೇಲೆ ಹೆಚ್ಚು ಹೊರೆ. ಎಲ್ಲಕ್ಕೂ 20 ರೂಪಾಯಿ ಏರಿಸುವುದು ಇನ್ನೂ ಕೆಟ್ಟದ್ದು: ಅಪ್ಪಟದ ಒಂದು ಕೆ.ಜಿ.ಗೆ ಬೇಕಾದದ್ದು 75, 60:40ರ ಕಾಲು ಕೆ.ಜಿ.ಗೆ ಬೇಕಾದದ್ದು 11 ರೂಪಾಯಿ ಚಿಲ್ಲರೆ.

ಒಂದು ಸ್ಪ್ರೆಡ್‌ಶೀಟ್ ಇದ್ದರೆ ಇದೆಲ್ಲ ಹತ್ತು ನಿಮಿಷದ ಕೆಲಸ. ಮೇಲ್ಭಾಗದಲ್ಲಿ ಹಸಿ ಬೀಜದ ದರ, ಹುರಿದಾಗಿನ ನಷ್ಟ, ಕೂಲಿ, ಚಿಕೋರಿ ದರ, ಪೊಟ್ಟಣದ ದರಗಳು. ಕೆಳಗೆ 12 ಜೋಡಿಗಳ ಬೆಲೆ ಸೂತ್ರದಿಂದಲೇ ಬರುವಂತೆ ಬರೆದಿಟ್ಟರೆ ಮೇಲಿನ ಒಂದು ಅಂಕಿ ತಿದ್ದಿದೊಡನೆ ಎಲ್ಲವೂ ತಿದ್ದಿಕೊಳ್ಳುತ್ತವೆ. ವೂಕಾಮರ್ಸ್‌ಗೆ ಅದನ್ನು ಸಿಎಸ್‌ವಿ ಕಡತವಾಗಿ ಒಮ್ಮೆಲೇ ಏರಿಸುವ ಸೌಲಭ್ಯ 2017ರಿಂದ ತಂತ್ರಾಂಶದಲ್ಲೇ ಇದೆ, ಶಾಪಿಫೈನಲ್ಲೂ ಉಂಟು. ವಿದ್ಯುತ್ ಯಾವಾಗ ಹೋಗುತ್ತದೋ ತಿಳಿಯದ ಆಷಾಢದ ದಿನಗಳಲ್ಲಿ ಒಂದೊಂದೇ ಪುಟ ತೆರೆದು ತಿದ್ದುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಪರದೆಯ ಬೆಲೆ ತಿದ್ದುವ ಮೊದಲು ಗೋದಾಮಿನ ಕಡೆ ನೋಡಬೇಕು. ಲೇಬಲ್ ಅಂಟಿಸಿ ಇಟ್ಟಿರುವ ಪೊಟ್ಟಣವನ್ನು ಅದರ ಮೇಲೆ ಅಚ್ಚಾಗಿರುವ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ. ಹಳೆಯ ಲೇಬಲ್‌ನ 30 ಪೊಟ್ಟಣ ಉಳಿದಿದ್ದರೆ ಅವು ಮುಗಿಯುವವರೆಗೆ ಹಳೆಯ ಬೆಲೆಯೇ. ಬೇಡಿಕೆ ಬಂದ ಮೇಲೆ ಹುರಿದು, ಪುಡಿ ಮಾಡಿ, ಆಗಲೇ ಲೇಬಲ್ ಅಚ್ಚು ಹಾಕುವವರಿಗೆ ಈ ತೊಡಕಿಲ್ಲ. ಗ್ರಾಹಕರಿಗೂ ತಾಜಾ ಪುಡಿ ಸಿಗುತ್ತದೆ.

ಪ್ರಯೋಗಾರ್ಥ ಖರೀದಿ

ಬೆಲೆ ತುಂಬಿದ ನಂತರ ಮಾಲೀಕರೇ ಗ್ರಾಹಕರಂತೆ ಕೊಂಡು ನೋಡಬೇಕು. ಅತಿ ಚಿಕ್ಕ ತೂಕದ ಅತಿ ಅಗ್ಗದ ಮಿಶ್ರಣ, ಅತಿ ದೊಡ್ಡ ತೂಕದ ಅಪ್ಪಟ ಪುಡಿ, ದೊಡ್ಡ ತೂಕದ ಅಗ್ಗದ ಮಿಶ್ರಣ, ಚಿಕ್ಕ ತೂಕದ ಅಪ್ಪಟ ಪುಡಿ: ಈ ನಾಲ್ಕು ಮೂಲೆಗಳು ಸರಿಯಾಗಿದ್ದರೆ ನಡುವಿನವು ಬಹುಪಾಲು ಸರಿಯಾಗಿರುತ್ತವೆ. ಒಂದೂ ಆಯ್ಕೆ ಮಾಡದೆ ಬುಟ್ಟಿಗೆ ಹಾಕಲು ಯತ್ನಿಸಿ. ಓಪನ್‌ಕಾರ್ಟ್‌ನಲ್ಲಿ ಆಯ್ಕೆಯನ್ನು 'ಕಡ್ಡಾಯ' ಎಂದು ಗುರುತಿಸದಿದ್ದರೆ ಅದು ಮೂಲ ಬೆಲೆಗೇ ಒಪ್ಪಿಕೊಂಡುಬಿಡುತ್ತದೆ. ಯಾವ ತೂಕ ಕಳುಹಿಸಬೇಕೆಂದು ಗ್ರಾಹಕರಿಗೆ ದೂರವಾಣಿ ಮಾಡಿ ಕೇಳಬೇಕಾಗುತ್ತದೆ.

ಅಗ್ಗಕ್ಕೆ ಯಾರಿಂದಲೋ ಬರೆಸಿಕೊಂಡ ಸ್ವಂತ ಕಾರ್ಟ್ ಬಳಸುವವರು ಇನ್ನೊಂದನ್ನು ವಿಚಾರಿಸಿಕೊಳ್ಳಬೇಕು. 2000ದ ಸುಮಾರಿನ ಹಲವು ಕಾರ್ಟ್‌ಗಳು ಬೆಲೆಯನ್ನು ಪುಟದೊಳಗೇ ಗುಪ್ತ ಕೋಷ್ಠಕದಲ್ಲಿ ಇಟ್ಟು ಗ್ರಾಹಕರ ಗಣಕಕ್ಕೆ ಕಳುಹಿಸುತ್ತಿದ್ದವು. ತಿಳಿದವರು ಅದನ್ನು ತಿದ್ದಿ ತಮಗೆ ಬೇಕಾದ ಬೆಲೆಗೆ ಕೊಳ್ಳಬಹುದಿತ್ತು. ಗ್ರಾಹಕರಿಂದ ಬರಬೇಕಾದದ್ದು ಆರಿಸಿದ ಆಯ್ಕೆಗಳ ಗುರುತು ಮಾತ್ರ. ಬೆಲೆ ಪ್ರತಿ ಸಲವೂ ಮಳಿಗೆಯ ಸರ್ವರ್‌ನಲ್ಲೇ ಲೆಕ್ಕವಾಗಬೇಕು. ಬರೆದುಕೊಟ್ಟವರನ್ನು ಈ ಪ್ರಶ್ನೆ ಕೇಳಿ, ಉತ್ತರ ತಡವಾದರೆ ಮೇಲೆ ಹೇಳಿದ ಸಿದ್ಧ ತಂತ್ರಾಂಶಗಳಲ್ಲಿ ಒಂದಕ್ಕೆ ವರ್ಗವಾಗುವುದು ಕ್ಷೇಮ.